ಎಣಿಸಿದರೆ ಸಾಲದು

ಒಂದೇ ಮನೆಯಲ್ಲಿ ಹತ್ತಾರು ನಾಯಿ, ಬೆಕ್ಕುಗಳನ್ನು ಕೂಡಿಹಾಕಿಕೊಂಡವರ ಸುದ್ದಿ ಬಂದಾಗಲೆಲ್ಲ ಏಳುವ ಕೂಗು ಒಂದೇ: ಮನೆಗೆ ಇಷ್ಟೇ ಪ್ರಾಣಿ ಎಂದು ಮಿತಿ ಹಾಕಿ. ಅಪಾರ್ಟ್‌ಮೆಂಟ್ ಸಂಘಗಳಷ್ಟೇ ಅಲ್ಲ, ಎಷ್ಟೋ ಪ್ರಾಣಿಪ್ರಿಯರೂ ಇದನ್ನು ನಂಬಿದ್ದಾರೆ. ನನಗೆ ಈ ನಂಬಿಕೆ ಬುಡದಲ್ಲೇ ತಪ್ಪೆನಿಸುತ್ತದೆ.

ಬೆಂಗಳೂರು ಈ ದಾರಿ ಹಿಡಿದು ನೋಡಿದೆ. 2018ರಲ್ಲಿ ಅಂದಿನ ಬಿಬಿಎಂಪಿ, ಫ್ಲ್ಯಾಟಿಗೆ ಒಂದು ನಾಯಿ, ಇಂಡಿಪೆಂಡೆಂಟ್ ಮನೆಗೆ ಮೂರು ಎಂಬ ನಿಯಮ ತಂದಿತು. ವಿರೋಧ ಜೋರಾದಾಗ ಹಿಂದೆ ಸರಿಯಿತು. ಜಾರಿಯಾಗಿದ್ದರೂ ಏನಾಗುತ್ತಿತ್ತು? ಬೀದಿಯಿಂದ ಎತ್ತಿ ತಂದ ನಾಲ್ಕು ಮರಿಗಳಿಗೆ ಲಸಿಕೆ ಹಾಕಿಸಿ ಸಾಕಿದವರು ತಪ್ಪಿತಸ್ಥರಾಗುತ್ತಿದ್ದರು. ಇಂಡಿಪೆಂಡೆಂಟ್ ಮನೆಯಲ್ಲಿ ಬಾಗಿಲು ಮುಚ್ಚಿ ಎರಡು ನಾಯಿಗಳನ್ನು ಹಸಿವಿನಲ್ಲಿ ಕೆಡವಿದವರು ನಿಯಮ ಪಾಲಿಸಿದವರಾಗುತ್ತಿದ್ದರು. ಇನ್ನು ಬೆಕ್ಕು ಆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಸದ್ದಿಲ್ಲದೆ ಮನೆ ತುಂಬುವುದು ಬೆಕ್ಕೇ. ಅದರ ಗರ್ಭಾವಧಿ ಸುಮಾರು 65 ದಿನ. ಆಪರೇಷನ್ ಮಾಡಿಸದ ಒಂದು ಜೋಡಿ ಸಾಕು.

ನೋಡಬೇಕಾದದ್ದು ಪ್ರಾಣಿಯ ಮೈಯನ್ನು. ಉಗುರು ಬೆಳೆದು ಬಾಗಿ ಪಾದಕ್ಕೇ ಚುಚ್ಚಿಕೊಂಡಿದೆಯೇ? ಕೂದಲು ಗಂಟುಗಟ್ಟಿ ಅಡಿಯಲ್ಲಿ ಹುಣ್ಣಾಗಿದೆಯೇ? ಬಾಗಿಲು ತೆರೆದ ಕೂಡಲೇ ಮೂತ್ರದ ಘಾಟಿಗೆ ಕಣ್ಣು ಉರಿಯುತ್ತದೆಯೇ? ಪಶುವೈದ್ಯರಿಗೆ ಇದನ್ನು ತಿಳಿಯಲು ಹೆಚ್ಚು ಹೊತ್ತು ಬೇಡ.

ಹಾಗೆ ನೋಡಿದರೆ ಕಾನೂನು ಇಲ್ಲವೆಂದಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ಸಾಕಿದ ಪ್ರಾಣಿಗೆ ಸಾಕಷ್ಟು ಅನ್ನ, ನೀರು, ನೆರಳು ಕೊಡದಿರುವುದು ಅಪರಾಧ. ಆದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಅದೇ ಕಾಯ್ದೆಯ 29ನೇ ಕಲಂ, ಅಪರಾಧಿ ಮುಂದೆ ಪ್ರಾಣಿ ಸಾಕದಂತೆ ತಡೆಯುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಈ ಚರ್ಚೆಗಳಲ್ಲಿ ಅದನ್ನು ಯಾರೂ ಎತ್ತುವುದಿಲ್ಲ. ಎತ್ತಿದರೂ ಶಿಕ್ಷೆಯಾಗುವವರೆಗೆ ಕಾಯಬೇಕು. ಅಷ್ಟರಲ್ಲಿ ಒಳಗಿರುವ ಜೀವಗಳ ಗತಿಯೇನು?

ಇನ್ನೊಂದು ಮಾತನ್ನು ನಾವು ಕೇಳಿಸಿಕೊಳ್ಳುವುದೇ ಇಲ್ಲ. ಹೀಗೆ ಕೂಡಿಹಾಕುವವರಲ್ಲಿ ಬಹಳಷ್ಟು ಮಂದಿ ಕ್ರೂರಿಗಳಲ್ಲ, ಕಾಯಿಲೆಯವರು. ಕಣ್ಣೆದುರು ಸೊರಗುತ್ತಿರುವ ಪ್ರಾಣಿ ಅವರಿಗೆ ಸೊರಗಿದಂತೆ ಕಾಣುವುದಿಲ್ಲ. ತಾನೇ ಅದನ್ನು ಉಳಿಸುತ್ತಿದ್ದೇನೆ ಎಂದೇ ನಂಬಿರುತ್ತಾರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಅತಿಸಂಗ್ರಹವನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿ, ಪ್ರಾಣಿಗಳನ್ನು ಕೂಡಿಹಾಕುವುದನ್ನೂ ಅಲ್ಲಿ ಪ್ರಸ್ತಾಪಿಸಿತು. ಅಂಥವರಿಂದ ಪ್ರಾಣಿಗಳನ್ನು ಕಿತ್ತುಕೊಂಡು ಬಂದರೆ ಕೆಲವೇ ತಿಂಗಳಲ್ಲಿ ಮನೆ ಮತ್ತೆ ತುಂಬಬಹುದು. ಅಮೆರಿಕದ ಇಲಿನಾಯ್ ರಾಜ್ಯ 2001ರಲ್ಲೇ ಇದನ್ನು ಅರಿತು, ಅಂಥವರ ಮಾನಸಿಕ ತಪಾಸಣೆ, ಚಿಕಿತ್ಸೆಗೆ ಕಾನೂನಿನಲ್ಲಿ ಜಾಗ ಮಾಡಿತು.

ನಮ್ಮಲ್ಲಿ ಇದಕ್ಕೆ ಬೇಕಾದವರು ಇಲ್ಲವೇ? ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ಹೊರಗಿನ ಜಿಲ್ಲೆಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಪಶುವೈದ್ಯರಿದ್ದಾರೆ. ದೂರು ಬಂದ ಮನೆಗೆ ಇವರೆಲ್ಲ ಒಟ್ಟಿಗೆ ಹೋಗಬೇಕೆಂದು ಹೇಳುವ ನಿಯಮವೊಂದು ಬೇಕು: ಮೊದಲು ಚಿಕಿತ್ಸೆ, ಸಂತಾನಹರಣ, ನಂತರ ಹಂತಹಂತವಾಗಿ ಬೇರೆ ಮನೆಗಳಿಗೆ ಕಳಿಸುವುದು, ದೂರು ಬಂದ ಮನೆಗೆ ಆಗಾಗ ಭೇಟಿ.

ಬೆಂಗಳೂರಿನ ಹೊಸ ಪಾಲಿಕೆಗಳು ಸಾಕುಪ್ರಾಣಿ ನಿಯಮ ಬರೆಯುವ ದಿನ ಬಂದಾಗ, ದಯವಿಟ್ಟು 2018ರ ಆ ನಿಯಮವನ್ನು ಮತ್ತೆ ಕೈಗೆತ್ತಿಕೊಳ್ಳಬೇಡಿ.