ಶರೀಫರ ಪದಕ್ಕೆ ಎರಡನೇ ಸಲ ಡ್ರಮ್

ಹಳೇ ರಾಕ್ ತಂಡದ ಹೊಸ ಆಲ್ಬಂಗೆ ಕಾದು ಕೂತವರನ್ನು ಮೆಚ್ಚಿಸುವುದು ಕಷ್ಟ. ಅವರಿಗೆ ಅದೇ ಬೇಕು, ಆದರೆ ಅದೇ ಇರಬಾರದು. ರೋಲಿಂಗ್ ಸ್ಟೋನ್ಸ್ 2005ರ ನಂತರ ಸ್ವಂತ ಹಾಡುಗಳ ಆಲ್ಬಂ ತರಲು ಹದಿನೆಂಟು ವರ್ಷ ತೆಗೆದುಕೊಂಡು, 2023ರಲ್ಲಿ ‘ಹ್ಯಾಕ್ನಿ ಡೈಮಂಡ್ಸ್’ ಹೊರಡಿಸಿತು. 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ತಂಡವನ್ನು ಕಣ್ಣಾರೆ ಕಂಡ ಗೆಳೆಯರೊಬ್ಬರು ಆ ಆಲ್ಬಂ ಕೇಳಿ, ಎಂಬತ್ತರ ಗಾಯಕ ಜ್ಯಾಗರ್‌ಗೆ ಈ ಗಂಟಲು ಎಲ್ಲಿಂದ ಬಂತಪ್ಪಾ ಎಂದು ಹಿಗ್ಗಿದರು. ಅವರ ಜೊತೆಗೇ ಹೋಗಿದ್ದ ಇನ್ನೊಬ್ಬರು, ಡ್ರಮ್ಮರ್ ಚಾರ್ಲಿ ವಾಟ್ಸ್ ಇಲ್ಲದ ಮೇಲೆ ಅದೇನು ಸ್ಟೋನ್ಸ್ ಎಂದು ಮುಖ ತಿರುಗಿಸಿದರು. 2021ರಲ್ಲಿ ತೀರಿಕೊಂಡ ವಾಟ್ಸ್ ಆ ಆಲ್ಬಂನ ಎರಡು ಹಾಡುಗಳಲ್ಲಿ ನುಡಿಸಿದ್ದಾರೆ ಎಂದರೂ ಅವರು ಕೇಳಲಿಲ್ಲ.

ಇಂಥದೇ ತಕರಾರು ನಮ್ಮ ಹಾವೇರಿ ಜಿಲ್ಲೆಯ ಪದಗಳ ಮೇಲೂ ನಡೆದಿದೆ. 2008ರಲ್ಲಿ ರಾಕ್ ತಂಡವಾದ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ಬಂತು. ಅದನ್ನು ಹೊರತಂದವರು ಹಿಂದಿ ಸಿನಿಮಾದ ವಿಶಾಲ್-ಶೇಖರ್ ಜೋಡಿ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರ ಗುಡುಗುಡಿಯ ಪದ, ಸೋರುವ ಮಾಳಿಗೆಯ ಪದ ಎರಡೂ ಅದರಲ್ಲಿದ್ದವು. ಆಮೇಲೆ ತಂಡ ಇಂಗ್ಲೆಂಡಿನ ಸಂಗೀತ ಉತ್ಸವ ಗ್ಲಾಸ್ಟನ್‌ಬರಿಯ ತನಕ ಹೋಗಿಬಂತು. ಎರಡನೆಯ ಆಲ್ಬಂ ‘ಜಗ್ ಚಂಗಾ’ಕ್ಕೆ ನಾವು 2013ರವರೆಗೆ ಕಾಯಬೇಕಾಯಿತು. ಸ್ಟೋನ್ಸ್ ಮುಂದೆ ಐದು ವರ್ಷ ಏನೂ ಅಲ್ಲ, ನಿಜ. ಆದರೆ ಮೊದಲ ಆಲ್ಬಂನ ಗುಂಗು ಹಿಡಿದವರಿಗೆ ಅದು ಸಣ್ಣ ಕಾಲವೂ ಅಲ್ಲ.

ಆಗಿನ್ನೂ ನಮ್ಮ ಕಡೆ ಹಾಡು ಬರುತ್ತಿದ್ದದ್ದು ಮೆಮೊರಿ ಕಾರ್ಡಿನಲ್ಲಿ. ಹಿರೇಕೆರೂರಿನ ಮೊಬೈಲ್ ಅಂಗಡಿಯಲ್ಲಿ ಕಾರ್ಡು ಕೊಟ್ಟು, ಚಹಾ ಕುಡಿದು ಬರುವಷ್ಟರಲ್ಲಿ ಇನ್ನೂರು ಮುನ್ನೂರು ಹಾಡು ತುಂಬಿರುತ್ತಿದ್ದವು. ಎರಡನೆಯ ಆಲ್ಬಂನಲ್ಲಿದ್ದ ಶರೀಫರ ಪದ ‘ಲೋಕದ ಕಾಳಜಿ’ ಹಾಗೆಯೇ ಆ ಸೀಮೆಯ ಅಬಲೂರಿಗೂ ಬಂತು. ಕಾಲೇಜು ಹುಡುಗರು ಕುಣಿದರು. ಮೊದಲ ಆಲ್ಬಂ ಬಾಯಿಪಾಠ ಮಾಡಿಕೊಂಡಿದ್ದವರು, ಹಳೇ ಕಿಚ್ಚು ಇಲ್ಲ, ಎಲ್ಲವೂ ಬಾಚಿ ಎಣ್ಣೆ ಹಚ್ಚಿದ ಹಾಗಿದೆ ಎಂದರು. ಭಜನಿ ಮೇಳದ ಹಿರಿಯರೊಬ್ಬರು ಫೋನನ್ನು ಕಿವಿಗೆ ಹಿಡಿದು ಪೂರಾ ಕೇಳಿ, “ಚಲೋ ಐತ್ರಿ, ಆದ್ರ ಉಸಿರು ತಗೊಳ್ಳಾಕ ಜಾಗಾನ ಬಿಟ್ಟಿಲ್ಲ” ಎಂದರು.

ನನಗೆ ಮುಖ್ಯವೆನಿಸಿದ್ದು ಈ ಮೂರನೆಯ ಮಾತು. ಅಮಾವಾಸ್ಯೆಯ ಭಜನಿಯಲ್ಲಿ ಮುಂದಾಳು ಪಲ್ಲವಿ ಎತ್ತಿ ಕೊಡುತ್ತಾನೆ, ಮೇಳ ಅದನ್ನು ಎತ್ತಿಕೊಳ್ಳುತ್ತದೆ. ನುಡಿ ಹೇಳುವವನು ಒಬ್ಬನೇ. ಅವನು ನುಡಿ ಮುಗಿಸಿ ಮೇಳದವರು ಬಾಯಿ ತೆರೆಯುವ ನಡುವೆ ಹಾರ್ಮೋನಿಯಂನ ಒಂದೇ ಸ್ವರ ನಿಂತಿರುತ್ತದೆ, ದಮ್ಮಡಿ ಮೆತ್ತಗೆ ಸರಿಯುತ್ತಿರುತ್ತದೆ. ಶರೀಫರ ಒಗಟು ಬಿಚ್ಚಿಕೊಳ್ಳುವುದು ಅಲ್ಲಿ. ಕೂತವರಲ್ಲಿ ಒಬ್ಬರು ‘ಹೌದಪಾ ಹೌದು’ ಎನ್ನುವುದೂ ಅಲ್ಲೇ. ರಾಕ್ ತಂಡ ಆ ಜಾಗದಲ್ಲಿ ಪಿಟೀಲು, ಗಿಟಾರು, ಡ್ರಮ್ಮು ಇಟ್ಟು ತುಂಬಿಬಿಡುತ್ತದೆ.

ಹಾಗಂತ ಮಡಿವಂತರ ಜೊತೆ ಸೇರಿಕೊಳ್ಳಲಾರೆ. ‘ಮೂಲ ಧಾಟಿ ಕೆಡಿಸಿದರು’ ಎಂದು ಗೊಣಗುವ ಬೆಂಗಳೂರಿನ ಕೇಳುಗರಿಗೆ ಮೂಲವೆಂದರೆ ಗಾಯಕ ಸಿ. ಅಶ್ವತ್ಥ್. ಅವರ ಕ್ಯಾಸೆಟ್ಟುಗಳು, 1990ರ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಈ ಪದಗಳನ್ನು ನಾಡಿಗೆಲ್ಲ ಮುಟ್ಟಿಸಿದವು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಏರುದನಿಗೆ ನಮ್ಮ ಭಜನಿಯ ಅಜ್ಜಂದಿರು ಆಗಲೂ ಹುಬ್ಬು ಗಂಟಿಕ್ಕಿದ್ದರು. 1889ರಲ್ಲಿ ತೀರಿಕೊಂಡ ಶರೀಫರು ಸ್ವರಲಿಪಿ ಬರೆದಿಟ್ಟು ಹೋದವರಲ್ಲ, ಪದಗಳು ಬಾಯಿಂದ ಬಾಯಿಗೆ ಬಂದವು. ಯಾರು ಮೊದಲು ಕೇಳಿಸಿದರೋ ಅವರದ್ದೇ ಮೂಲ ಎನ್ನುವುದು ನಮ್ಮೆಲ್ಲರ ಚಾಳಿ.

ಪದ ನೋಡಿ ಡ್ರಮ್ ಇಡಬೇಕು ಎನ್ನುವುದಷ್ಟೇ ನನ್ನ ವಾದ. ‘ಲೋಕದ ಕಾಳಜಿ’ ಎದುರಿಗೆ ನಿಂತವನನ್ನು ಹಿಡಿದು ಬೈಯುವ ಪದ. ಬೈಗುಳಕ್ಕೆ ಸದ್ದು ಒಪ್ಪುತ್ತದೆ. ಸಾವಿರ ಜನರ ಮೈದಾನದಲ್ಲಿ ಅದನ್ನು ಎಲ್ಲರೂ ಕೂಡಿ ಕೂಗಿದರೆ ಬೈದವರೂ ಬೈಸಿಕೊಂಡವರೂ ಒಬ್ಬರೇ ಆಗುತ್ತಾರೆ, ಅದು ಭಜನಿಯಲ್ಲಿ ಸಿಗದ ಸುಖ. ಈ ಒಂದು ಪದದಲ್ಲಿ ಎರಡನೆಯ ಆಲ್ಬಂ ಮೊದಲನೆಯದನ್ನು ಹಿಂದೆ ಹಾಕಿದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಉಳಿದ ಹಾಡುಗಳಲ್ಲಿ ಒಪ್ಪ ಜಾಸ್ತಿ, ಒರಟು ಕಡಿಮೆ. ಹಿಂದಿ, ಕನ್ನಡ, ಇಂಗ್ಲಿಷ್ ಎಂದು ಜಿಗಿಯುತ್ತಾ ಹೋದಾಗ ಆಲ್ಬಂಗೆ ಒಂದು ಊರು ಅಂತ ಇರುವುದಿಲ್ಲ. ಮೊದಲ ಆಲ್ಬಂನಲ್ಲೂ ಈ ಜಿಗಿತ ಇತ್ತು, ಆದರೆ ಅಲ್ಲಿ ಹಸಿವು ಅದನ್ನು ಮುಚ್ಚಿತ್ತು.

ಅಬಲೂರಿನ ಹುಡುಗರು ಇದನ್ನೆಲ್ಲ ಕೇಳಿ ನನಗೊಂದು ಪ್ರಶ್ನೆ ಹಾಕಿದರು: ಶರೀಫರಿಗೆ ಗಿಟಾರ್ ಸಿಕ್ಕಿತು, ನಮ್ಮೂರ ಸರ್ವಜ್ಞನಿಗೆ ಯಾಕೆ ಸಿಗಲಿಲ್ಲ? ಸರ್ವಜ್ಞನ ಊರು ಅಬಲೂರೋ ಮಾಸೂರೋ ಎಂಬ ಹಳೇ ವ್ಯಾಜ್ಯವನ್ನು ಅವರು ತಮ್ಮ ಕಡೆಗೇ ತೀರ್ಮಾನ ಮಾಡಿಕೊಂಡಿದ್ದರು, ಇರಲಿ. ಪ್ರಶ್ನೆ ಒಳ್ಳೆಯದೇ. ಶರೀಫರ ಪದಕ್ಕೆ ಪಲ್ಲವಿ ಇದೆ, ಎಲ್ಲಿ ಸುತ್ತಿದರೂ ಜನ ಅಲ್ಲಿಗೆ ಬಂದು ಸೇರಬಹುದು, ರಾಕ್ ಬದುಕುವುದೇ ಅದರಿಂದ. ಸರ್ವಜ್ಞನ ವಚನ ಮೂರು ಸಾಲಿನಲ್ಲಿ ಮಾತು ಹೇಳಿ, ಹೆಸರು ಹಾಕಿ, ಬಾಗಿಲು ಹಾಕಿಕೊಳ್ಳುತ್ತದೆ. ತ್ರಿಪದಿ ಹಾಡಿಗೆ ಬಾರದ್ದೇನಲ್ಲ. ಬೀಸುವ ಕಲ್ಲಿನ ಮುಂದೆ ನಮ್ಮ ಹೆಣ್ಣುಮಕ್ಕಳು ಎರಡನೆಯ ಸಾಲನ್ನು ಮತ್ತೆ ಎಳೆದು, ಮೂರನ್ನು ನಾಲ್ಕು ಮಾಡಿಕೊಂಡು ಬೆಳಗಿನ ಜಾವವಿಡೀ ಹಾಡುತ್ತಿದ್ದದ್ದು ತ್ರಿಪದಿಯನ್ನೇ. ಆದರೆ ಅದಕ್ಕೆ ಕಲ್ಲು ತಿರುಗುವಂಥ ಒಂದೇ ನಡೆ. ಏರಿಲ್ಲ, ಇಳಿವಿಲ್ಲ, ಚಪ್ಪಾಳೆಗೆ ನಿಲ್ಲುವ ಜಾಗವೂ ಇಲ್ಲ. ತ್ರಿಪದಿಗೆ ಬ್ಯಾಂಡ್ ಕಟ್ಟುವ ಹುಚ್ಚು ಯಾರಿಗಾದರೂ ಹಿಡಿದರೆ ಡ್ರಮ್ಮರನ್ನು ಆಮೇಲೆ ಹುಡುಕಲಿ. ಮೊದಲು ಹಿರೇಕೆರೂರು ಸೀಮೆಯಲ್ಲಿ ಬೀಸುವ ಪದ ನೆನಪಿರುವ ಅಜ್ಜಿಯೊಬ್ಬರ ಮುಂದೆ ಹೋಗಿ ಕೂತುಕೊಳ್ಳಲಿ.