ಮಂಜು ಎಲ್ಲಿ ಹೋಯ್ತು? ನಂದಿಸೇನ ಮುನಿಯ ನಿಸಿದಿಯಲ್ಲಿ ಅಲಂಕಾರ

ಮಲ್ಲತ್ತಹಳ್ಳಿಯ ನಮ್ಮ ಮನೆಯಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿ. ಹೋದ ಭಾನುವಾರ ಮಗಳಿಗೆ ಅಲಂಕಾರ ಹೇಳಿಕೊಡಲು ಕೂತಿದ್ದೆ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ: ನಾಲ್ಕನ್ನೂ ಹುಡುಕಿ ಲಕ್ಷಣ ಸಮನ್ವಯ ಬರೆದರೆ ಮಾರ್ಕ್ಸ್ ಗ್ಯಾರಂಟಿ. ಮಧ್ಯದಲ್ಲಿ ಅವಳು, "ಅಪ್ಪಾ, ನಿನ್ನ ಕಲ್ಲುಗಳಲ್ಲೂ ಇದೆಲ್ಲಾ ಇರತ್ತಾ?" ಅಂದಳು. ಯಾಕಿಲ್ಲ ಅಂತ ಜಂಬದಿಂದ ನನ್ನ ಹಳೇ ಎಕ್ಸೆಲ್ ಹಾಳೆ ತೆಗೆದೆ. ಶ್ರವಣಬೆಳಗೊಳ, ಚಿಕ್ಕಬೆಟ್ಟ, ಸು. 700. ಷರಾ ಕಾಲಂನಲ್ಲಿ ನಾನೇ ಬರೆದಿದ್ದದ್ದು: "ನಂದಿಸೇನ, ಜೈನ ಮುನಿ, ಸನ್ಯಸನ, ಮರಣ."

ಇಷ್ಟೇ. ನಾಲ್ಕು ಸಾಲಿನ ಮಹಾಸ್ರಗ್ಧರೆಯಿಂದ ನಾನು ಉಳಿಸಿಕೊಂಡದ್ದು ನಾಲ್ಕು ಪದ.

ನಮ್ಮಂಥ ಹವ್ಯಾಸಿಗಳಲ್ಲಿ ಇದೊಂದು ಚಾಳಿ. ಹೆಸರು, ಕಾಲ, ದಾನದ ಪ್ರಮಾಣ, ಗಡಿ ಹೆಕ್ಕಿಕೊಂಡು ಉಳಿದದ್ದನ್ನು "ಕವಿಯ ಉತ್ಪ್ರೇಕ್ಷೆ" ಅಂತ ಪಕ್ಕಕ್ಕೆ ತಳ್ಳಿಬಿಡುತ್ತೇವೆ. (ಅಂದಹಾಗೆ, ಅಲಂಕಾರಶಾಸ್ತ್ರದ ಉತ್ಪ್ರೇಕ್ಷೆ ಒಂದನ್ನು ಇನ್ನೊಂದೆಂದು ಕಲ್ಪಿಸಿಕೊಳ್ಳುವುದು. ಹೆಚ್ಚು ಮಾಡಿ ಹೇಳುವುದಕ್ಕೆ ಅಲ್ಲಿ ಅತಿಶಯೋಕ್ತಿ ಎಂದೇ ಬೇರೆ ಹೆಸರಿದೆ. ಬೈಯಲು ಹೊರಟ ಪದವನ್ನೇ ನಾವು ಸರಿಯಾಗಿ ಕಲಿತಿಲ್ಲ.)

ಈಗ ಆ ಪದ್ಯಕ್ಕೆ ಬರೋಣ. ರೂಪ, ಲೀಲೆ, ಧನ, ವೈಭವ ಇವು ಯಾರಿಗೂ ನಿಲ್ಲುವುದಿಲ್ಲ ಎಂಬುದು ವಿಷಯ. ಅದಕ್ಕೆ ಕವಿ ಕೊಡುವ ಹೋಲಿಕೆ ಮೂರು: ಕಾಮನಬಿಲ್ಲು, ಮಿಂಚಿನ ಬಳ್ಳಿ, ಮಂಜು. ಒಂದೇ ವಿಷಯಕ್ಕೆ ಉಪಮಾನಗಳ ಸರ, ಅಂದರೆ ಮಾಲೋಪಮೆ. ಪರೀಕ್ಷೆಯ ಉತ್ತರ ಇಲ್ಲಿಗೆ ಮುಗಿಯಿತು. ಆದರೆ ಯಾಕೆ ಇವೇ ಮೂರು, ಯಾಕೆ ಇದೇ ಕ್ರಮ? ಎಂಜಿನಿಯರ್ ಬುದ್ಧಿ ಮೊದಲು ಅವಧಿ ಲೆಕ್ಕ ಹಾಕಿತು. ಕಾಮನಬಿಲ್ಲು ಕೆಲವು ನಿಮಿಷ, ಮಿಂಚು ಒಂದು ಕ್ಷಣ, ಮಂಜು ಒಂದು ಬೆಳಗು. ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ, ಲೆಕ್ಕ ಕೂಡಲಿಲ್ಲ. ಎತ್ತರ ನೋಡಿದ ಮೇಲೆ ಕೂಡಿತು. ಬಿಲ್ಲು ದೂರದ ಆಕಾಶದಲ್ಲಿ. ಮಿಂಚು ಆಕಾಶದಿಂದ ನೆಲಕ್ಕೆ ಇಳಿಯುತ್ತದೆ. ಮಂಜು ಬೆಟ್ಟದ ಬಂಡೆಯ ಮೇಲೆ, ನಮ್ಮ ಕಾಲಿನ ಹತ್ತಿರವೇ. ಭಾಷೆಯೂ ಜತೆಗೇ ಇಳಿಯುತ್ತದೆ: ಮೊದಲೆರಡು ಸುರಚಾಪ, ವಿದ್ಯುಲ್ಲತೆ ಎಂಬ ಸಂಸ್ಕೃತ ಸಮಾಸಗಳು, ಮೂರನೆಯದು ಮಂಜು, ಇಂದಿಗೂ ನಮ್ಮ ಬಾಯಲ್ಲಿರುವ ಮಾತು. ಕವಿ ಇದನ್ನು ಬೇಕೆಂದೇ ಮಾಡಿದನೋ ಇಲ್ಲವೋ, ಓದುವವನಿಗೆ ಸಾವು ಹತ್ತಿರ ಬಂದದ್ದಂತೂ ನಿಜ.

ಇನ್ನೊಂದಿದೆ. ಮೂರನೇ ಸಾಲಿನಲ್ಲಿ ದನಿ ಬದಲಾಗುತ್ತದೆ. ಅಲ್ಲಿಯವರೆಗೆ ಲೋಕದ ಮಾತು, ಅಲ್ಲಿ ಇದ್ದಕ್ಕಿದ್ದಂತೆ "ನಾನು". ಈ ಭೂಮಿಯಲ್ಲಿ ಇರುವುದನ್ನು ನಾನು ಮೆಚ್ಚೆ ಎಂದು ಮುನಿಯೇ ಮಾತಾಡುತ್ತಾನೆ. ಸನ್ಯಸನ ಕೈಗೊಂಡನೆಂಬ ಕ್ರಿಯಾಪದ ಆ ಸಾಲಿನೊಳಗೆ ಮುಗಿಯದೆ ನಾಲ್ಕನೆಯ ಸಾಲಿಗೆ ಜಾರುತ್ತದೆ. ಆಮೇಲೆ ಮುನಿಯ ದನಿಯಿಲ್ಲ, ಅವನು ದೇವಲೋಕಕ್ಕೆ ಸಂದ ಎಂದು ಬೇರೆಯವರು ಹೇಳುತ್ತಾರೆ. ಪದ ಒಡೆದದ್ದಕ್ಕೆ ಪ್ರಾಸವೇ ಕಾರಣ ಅನ್ನಬಹುದು, ಒಪ್ಪುತ್ತೇನೆ. ನಾಲ್ಕೂ ಸಾಲಿನ ಎರಡನೇ ಅಕ್ಷರದಲ್ಲಿ ರಕಾರ ಬರಲೇಬೇಕು, ಬಂದಿದೆ. ಆದರೆ ಬಾಳಿಗೂ ಸಾವಿಗೂ ನಡುವಿನ ಆ ಒಂದು ಕ್ರಿಯೆ ಸರಿಯಾಗಿ ಸಾಲಿನ ಅಂಚಿನಲ್ಲೇ ಬಿದ್ದಿದೆ. ನನ್ನ ಎಕ್ಸೆಲ್ ಹಾಳೆಯಲ್ಲಿ ಮಂಜೂ ಇರಲಿಲ್ಲ, "ನಾನು" ಅಂದ ಮನುಷ್ಯನೂ ಇರಲಿಲ್ಲ.

ಕನ್ನಡದಲ್ಲಿ ನಮಗೆ ಉಳಿದಿರುವ ಮೊದಲ ಅಲಂಕಾರ ಗ್ರಂಥ ಕವಿರಾಜಮಾರ್ಗ, ಒಂಬತ್ತನೇ ಶತಮಾನದ್ದು. ಈ ಕಲ್ಲು ಅದಕ್ಕಿಂತ ಸುಮಾರು ನೂರೈವತ್ತು ವರ್ಷ ಹಳೆಯದು. ಲಕ್ಷಣ ಬರೆದಿಡುವ ಮೊದಲೇ ಲಕ್ಷ್ಯ ಬಂಡೆಯ ಮೇಲೆ ತಯಾರಿತ್ತು.

ಅಲಂಕಾರ, ಛಂದಸ್ಸು ನಮಗ್ಯಾಕೆ, ನಾವು ಇತಿಹಾಸದವರು ಅನ್ನುವವರಿಗೆ ಒಂದು ಲಾಭದ ಮಾತು. ಮಹಾಸ್ರಗ್ಧರೆಗೆ ಸಾಲಿಗೆ 22 ಅಕ್ಷರ, ಪ್ರತಿ ಜಾಗದಲ್ಲೂ ಗುರು-ಲಘು ನಿಗದಿ. ನಮ್ಮ ಭಾಷೆಯಲ್ಲಿ ಇದು ಚೆಕ್‌ಸಮ್. ಇಂಥ ವೃತ್ತದಲ್ಲಿರುವ ಕಲ್ಲಿನ ಚಕ್ಕೆ ಎದ್ದುಹೋಗಿದ್ದರೂ ಎಷ್ಟು ಅಕ್ಷರ ಹೋಗಿವೆ, ಅವು ಗುರುವೋ ಲಘುವೋ ಎಂದು ಹೇಳಬಹುದು. ಎರಡನೇ ಅಕ್ಷರವೇ ಹೋಗಿದ್ದರೆ ಅದರ ವ್ಯಂಜನವನ್ನು ಉಳಿದ ಮೂರು ಸಾಲು ಹೇಳಿಕೊಡುತ್ತವೆ. ತ್ರೀಡಿ ಸ್ಕ್ಯಾನರ್‌ಗೂ ಸಿಗದ ಮಾಹಿತಿ ಅದು.

ಅರ್ಥದ ಮಿತಿಯೂ ತಿಳಿಯುತ್ತದೆ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ ಬರೆದ ಕ್ರಿ.ಶ. 634ರ ಪ್ರಶಸ್ತಿಯಲ್ಲಿ ಹರ್ಷ ಎಂಬ ಹೆಸರಿನ ಮೇಲೆ ಚಮತ್ಕಾರವಿದೆ: ಯುದ್ಧದಲ್ಲಿ ಆನೆಗಳು ಬಿದ್ದವು, ಭಯದಿಂದ ಹರ್ಷನ ಹರ್ಷ ಕರಗಿತು. ಅದ್ಭುತ. ಆದರೆ ಆ ಪದ್ಯದಲ್ಲಿ ಯುದ್ಧದ ಜಾಗವಿಲ್ಲ, ದಿನವಿಲ್ಲ. ಅದೊಂದನ್ನೇ ಹಿಡಿದು ನಕ್ಷೆಯಲ್ಲಿ ಬಾಣದ ಗುರುತು ಎಳೆಯುವವರು ಕೊಂಚ ತಡೆದುಕೊಳ್ಳುವುದು ಒಳ್ಳೆಯದು.

ಹಾಗಂತ ಅಲಂಕಾರ ಹೆಚ್ಚಿದಷ್ಟೂ ಶಾಸನ ದೊಡ್ಡದು ಅಂತಲ್ಲ. ಪುಟಗಟ್ಟಲೆ ಬಿರುದಾವಳಿಯ ತಾಮ್ರಪಟ ಓದಿ ನಿದ್ದೆ ಹೋದದ್ದೂ ಇದೆ. ಇದಕ್ಕೆ ಎದುರಾಗಿ ಆತಕೂರಿನ ಕಲ್ಲು ನೋಡಿ. ತಕ್ಕೋಲದ ಯುದ್ಧ, ಚೋಳ ರಾಜಾದಿತ್ಯನ ಸಾವು, ರಾಷ್ಟ್ರಕೂಟ ಮೂರನೇ ಕೃಷ್ಣ, ಗಂಗ ಬೂತುಗ, ಹೀಗೆ ಹತ್ತನೇ ಶತಮಾನದ ದೊಡ್ಡ ದೊಡ್ಡ ಹೆಸರುಗಳು. ಯುದ್ಧದಲ್ಲಿ ಮಣಲೆರನ ಶೌರ್ಯಕ್ಕೆ ಮೆಚ್ಚಿ ಬೇಕಾದ್ದು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿ. ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಜತೆಗೆ ಸತ್ತವು. ಈ ಸಾವಿಗೆ ಶಾಸನ ಮಿಂಚನ್ನೂ ಕರೆಯುವುದಿಲ್ಲ, ಮಂಜನ್ನೂ ಕರೆಯುವುದಿಲ್ಲ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆ ಕಲ್ಲಿನ ಫೋಟೋವನ್ನು ಮಗಳಿಗೆ ತೋರಿಸಿದೆ. ಹಂದಿಯ ಮೇಲೆ ಬಿದ್ದ ನಾಯಿಯನ್ನು ತುಂಬಾ ಹೊತ್ತು ನೋಡಿದಳು. "ಇದರಲ್ಲಿ ಯಾವ ಅಲಂಕಾರ?" ಅಂದಳು. ಇದ್ದದ್ದನ್ನು ಇದ್ದಂತೆ ಹೇಳುವುದನ್ನೂ ದಂಡಿ ಅಲಂಕಾರವೆಂದೇ ಎಣಿಸುತ್ತಾನೆ, ಹೆಸರು ಸ್ವಭಾವೋಕ್ತಿ. ಕುಂತಕ ಒಪ್ಪುವುದಿಲ್ಲ. ಎರಡನ್ನೂ ಹೇಳಿದೆ. "ಎಕ್ಸಾಮಿಗೆ ಯಾವುದು ಬರೀಲಿ?" ಅಂದಳು.