ಹೊರಗಿನ ಕೇಳುಗನಿಗೆ ಹೇಳಿದ ಕಥೆ

ಅರವಿಂದ ಅಡಿಗರ ‘ದಿ ವೈಟ್ ಟೈಗರ್’ ಕಾದಂಬರಿಯ ಬಲರಾಮ ಹಲವಾಯಿ ತನ್ನ ಕಥೆಯನ್ನು ಹೇಳಿಕೊಳ್ಳುವುದು ಯಾರ ಮುಂದೆ? ಬಿಟ್ಟುಬಂದ ಹಳ್ಳಿಯವರ ಮುಂದಲ್ಲ, ಬೆಂಗಳೂರಿನಲ್ಲಿ ತಾನು ಸಂಬಳ ಕೊಡುವ ಡ್ರೈವರುಗಳ ಮುಂದೂ ಅಲ್ಲ. ಚೀನಾದ ಅಂದಿನ ಪ್ರಧಾನಿ ವೆನ್ ಜಿಯಾಬಾವೊ ಮುಂದೆ. ಇಬ್ಬರಿಗೂ ಇಂಗ್ಲಿಷ್ ಬಾರದು. ಆದರೂ ಹೇಳಿಕೊಳ್ಳುವುದೆಲ್ಲ ಇಂಗ್ಲಿಷಿನಲ್ಲೇ. 2008ರ ಬೂಕರ್ ಪಡೆದ ಈ ಕೃತಿಯಲ್ಲಿ ಜಾಗತೀಕರಣ ಕಥೆಗೆ ವಸ್ತುವಾದಷ್ಟೇ ಕಥೆ ಹೇಳುವ ಬಗೆಯನ್ನೂ ಗೊತ್ತುಮಾಡಿದೆ.

ಮೊಹ್ಸಿನ್ ಹಮೀದರ ‘ದಿ ರಿಲಕ್ಟಂಟ್ ಫಂಡಮೆಂಟಲಿಸ್ಟ್’ (2007) ಇದೇ ದಾರಿ ಹಿಡಿದದ್ದು. ಲಾಹೋರಿನಲ್ಲಿ ಚಂಗೇಜ್ ಒಬ್ಬ ಅಪರಿಚಿತ ಅಮೆರಿಕನ್ನನ ಎದುರು ಕೂತು ಮಾತಾಡುತ್ತಾನೆ. ಆದರೆ ಅಲ್ಲಿ ಕೇಳುಗನೂ ಕಥೆಯೊಳಗಿದ್ದಾನೆ. ಅವನ ಮೇಲಿನ ಗುಮಾನಿಯಿಂದಲೇ ಕಾದಂಬರಿಗೆ ಬಿಗುವು ಬಂದಿದೆ. ಅಡಿಗರ ಪ್ರಧಾನಿ ಹಾಗಲ್ಲ. ಭಾರತವನ್ನು ಹೊರಗಿನವರಿಗೆ ವಿವರಿಸಲು ಸಿಕ್ಕ ನೆಪವಾಗಿಯೇ ಅವರು ಉಳಿದುಬಿಡುತ್ತಾರೆ.

ಹಾಗೆಂದು ಕಾದಂಬರಿಯ ಸಿಟ್ಟು ಸುಳ್ಳಲ್ಲ. ಅಮೆರಿಕದ ಹಗಲಿಗೆ ಬೆಂಗಳೂರು ರಾತ್ರಿಯಿಡೀ ದುಡಿಯುತ್ತದೆ. ಕಾಲ್ ಸೆಂಟರ್ ನೌಕರರನ್ನು ಹೊತ್ತಲ್ಲದ ಹೊತ್ತಿನಲ್ಲಿ ಮನೆ ಮುಟ್ಟಿಸಬೇಕು. ಬಲರಾಮನ ಟ್ಯಾಕ್ಸಿ ವ್ಯವಹಾರ ಹುಟ್ಟುವುದು ಅಲ್ಲಿ. ಬಂಡವಾಳ, ಕೊಂದ ಧಣಿಯ ಹಣ. ಪೊಲೀಸರಿಗೆ ಲಂಚ ಕೊಟ್ಟು ಎದುರಾಳಿಗಳನ್ನು ಅವನು ಬದಿಗೆ ಸರಿಸುವ ಭಾಗ, ಹೊಸ ಆರ್ಥಿಕತೆಯ ತಳವನ್ನು ನೇರವಾಗಿ ತೋರಿಸುತ್ತದೆ. ಕೊರತೆ ಇರುವುದು ಭಾಷೆಯಲ್ಲಿ. ಮಂಗಳೂರಿನಲ್ಲಿ ಬೆಳೆದ ಲೇಖಕರ ಬೆಂಗಳೂರಿನಲ್ಲಿ ಕನ್ನಡದ ಸದ್ದು ತೀರ ಕ್ಷೀಣ. ಕರಾವಳಿಯ ಕಲ್ಪಿತ ಊರು ಕಿಟ್ಟೂರಿನ ಕಥೆಗಳಿರುವ ಅವರದೇ ‘ಬಿಟ್ವೀನ್ ದಿ ಅಸಾಸಿನೇಷನ್ಸ್’ ಕೂಡ ಪ್ರವಾಸಿ ಕೈಪಿಡಿಯ ಚೌಕಟ್ಟನ್ನೇ ಆರಿಸಿಕೊಂಡಿದೆ. ಅಲ್ಲಿಯೂ ಹೊರಗಿನವನೇ ಎದುರಿಗೆ.

ಕಿರಣ್ ದೇಸಾಯಿ ಅವರ ‘ದಿ ಇನ್ಹೆರಿಟನ್ಸ್ ಆಫ್ ಲಾಸ್’ಗೆ (ಬೂಕರ್, 2006) ಇಂಥ ಕೇಳುಗ ಬೇಕಾಗಿಲ್ಲ. ಕಾಲಿಂಪಾಂಗಿನ ನಿವೃತ್ತ ನ್ಯಾಯಾಧೀಶ 1939ರಲ್ಲಿ ಕೇಂಬ್ರಿಜ್‌ಗೆ ಹೋಗಿ, ತನ್ನವರನ್ನೇ ತುಚ್ಛವಾಗಿ ಕಾಣುವವನಾಗಿ ಮರಳಿದವನು. ಅವನ ಅಡುಗೆಯವನ ಮಗ ಬಿಜು ನ್ಯೂಯಾರ್ಕಿನ ಹೋಟೆಲುಗಳಲ್ಲಿ ಕಾಗದಪತ್ರವಿಲ್ಲದೆ ಬೇಯುತ್ತಿದ್ದರೆ, ಇತ್ತ ತಂದೆ ಮಗನ ಅಮೆರಿಕವನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಸುತ್ತ ಗೂರ್ಖಾಲ್ಯಾಂಡ್ ಚಳವಳಿ. ಎರಡು ಕಾಲದ ಎರಡು ವಲಸೆಗಳನ್ನು ಒಂದೇ ಸೂರಿನಡಿ ತಂದ ದೇಸಾಯಿ, ಜಾಗತೀಕರಣ ನಿನ್ನೆ ಮೊನ್ನೆ ಹುಟ್ಟಿದ್ದಲ್ಲವೆಂದು ಕಾಣಿಸುತ್ತಾರೆ. ಅದಕ್ಕಾಗಿ ಭಾಷಣ ಮಾಡುವುದಿಲ್ಲ. ಬಿಜು ದುಡಿದು ತಂದದ್ದನ್ನೆಲ್ಲ ಊರ ಹಾದಿಯಲ್ಲೇ ದೋಚಿಸಿಕೊಳ್ಳುತ್ತಾನೆ.

ಅಡಿಗರ ಕಾದಂಬರಿಗೆ ವೇಗ ಹೆಚ್ಚು, ಹಮೀದರದ್ದಕ್ಕೆ ಹದ ಹೆಚ್ಚು. ಮೂರರಲ್ಲಿ ದೊಡ್ಡ ಕೃತಿ ಮಾತ್ರ ದೇಸಾಯಿ ಅವರದು.